ಸಣ್ಣ ವಿಮಾನದ ಲ್ಯಾಂಡಿಂಗ್ ಗೇರ್ ಕಾಲುಗಳನ್ನು ಬದಲಿಸುವುದು, ಮತ್ತೆ ಬಣ್ಣ ಹಾಕುವುದು: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಬೆಳಗಿನ ಹೊತ್ತು ತರಬೇತಿ ವಿಮಾನಗಳು ಇಳಿಯುವುದನ್ನು ಬದಿಯಲ್ಲಿ ನಿಂತು ಗಮನಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರುತ್ತದೆ. ಚಕ್ರ ನೆಲ ಮುಟ್ಟಿದ ಕ್ಷಣ ಹೊಟ್ಟೆಯ ಎರಡು ಬದಿಯ ಕಾಲುಗಳೂ ಹೊರಕ್ಕೆ ಅಗಲಿಸಿ, ಮರುಕ್ಷಣವೇ ಒಳಕ್ಕೆ ಬಂದು ನಿಲ್ಲುತ್ತವೆ. ಕಲಿಯುವವರು ಒಂದೇ ಗಂಟೆಯ ಪಾಠದಲ್ಲಿ ಆರೆಂಟು ಸಲ ಹೀಗೆ ಇಳಿದು ಏಳುವುದುಂಟು, ಅಷ್ಟೂ ಸಲ ಆ ಉಕ್ಕು ಬಾಗಿ ನೆಟ್ಟಗಾಗಬೇಕು. ಸಾವಿರಾರು ಸಲ ಹೀಗೆ ಬಾಗಿಯೂ ಬಿರುಕು ಬಿಡದಂತೆ ಕಾಲನ್ನು ಉಳಿಸುವುದು ಅದರ ಮೈಮೇಲಿರುವ, ಅರ್ಧ ಮಿಲಿಮೀಟರಿಗಿಂತ ದಪ್ಪವಿರದ ಒಂದು ಗಟ್ಟಿ ಪದರ. ಆ ಪದರವನ್ನು ಕಾಯುವುದು ಅದರ ಮೇಲಿನ ಬಣ್ಣ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ಎರಡು ತೆಳು ಪದರಗಳ ಸುತ್ತಲೇ ಸುತ್ತುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಸೆಸ್ನಾ 172 ವಿಮಾನದ ಹಿಂದಿನ ಎರಡು ಮುಖ್ಯ ಕಾಲುಗಳನ್ನು. ಸೆಸ್ನಾ 150 ಮತ್ತು 152ರ ಕೆಲಸವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಮೂಗಿನ ಗಾಲಿಯ ಕಾಲು ಗಾಳಿ ಮತ್ತು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬೇರೆಯೇ ಬಗೆಯದಾದ್ದರಿಂದ ಅದನ್ನು ಇಲ್ಲಿ ಮುಟ್ಟಿಲ್ಲ. ಹ್ಯಾಂಗರಿನಲ್ಲಿ ಕೆಲಸ ಕಲಿಯುತ್ತಿರುವವರನ್ನೂ ತಮ್ಮ ವಿಮಾನಕ್ಕೆ ಏನು ನಡೆಯುತ್ತಿದೆ ಎಂದು ತಿಳಿಯಬಯಸುವ ಮಾಲೀಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಿಮ್ಮ ವಿಮಾನದ ಮಾದರಿ ಮತ್ತು ಕ್ರಮಸಂಖ್ಯೆಗೆ ಸೇರಿದ ನಿರ್ವಹಣಾ ಕೈಪಿಡಿಯೇ ಕೊನೆಯ ಮಾತು. ಅದಕ್ಕೂ ಈ ಬರಹಕ್ಕೂ ಎಲ್ಲಿ ಭೇದ ಕಂಡರೂ ಕೈಪಿಡಿಯನ್ನೇ ಅನುಸರಿಸಬೇಕು.

ಕಾಲು ಕೆಲಸ ಮಾಡುವ ಬಗೆ

ಉಕ್ಕಿನ ಪಟ್ಟಿಯನ್ನೇ ಸ್ಪ್ರಿಂಗ್ ಮಾಡಿ ವಿಮಾನಕ್ಕೆ ಕಾಲಾಗಿ ಜೋಡಿಸುವ ಉಪಾಯವನ್ನು ಕಂಡುಹಿಡಿದವರು ಅಮೆರಿಕದ ರೇಸ್ ವಿಮಾನಗಳ ತಯಾರಕ ಸ್ಟೀವ್ ವಿಟ್‌ಮನ್. ಅದರ ಹಕ್ಕನ್ನು ಸೆಸ್ನಾ ಕಂಪನಿ ಪಡೆದುಕೊಂಡು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ತನ್ನ ವಿಮಾನಗಳಲ್ಲಿ ಬಳಸತೊಡಗಿತು. 172ರ ಮೊದಲ ಮಾದರಿಗಳಿಗೆ ಚಪ್ಪಟೆ ಪಟ್ಟಿಯ ಕಾಲುಗಳಿದ್ದವು. 1971ರ 172ಎಲ್ ಮಾದರಿಯಿಂದ ತುದಿಯತ್ತ ಸಣ್ಣಗಾಗುತ್ತಾ ಹೋಗುವ ಕೊಳವೆಯಾಕಾರದ ಉಕ್ಕಿನ ಕಾಲುಗಳು ಬಂದವು. ಇದರಲ್ಲಿ ಎಣ್ಣೆಯಿಲ್ಲ, ಸೀಲುಗಳಿಲ್ಲ, ಚಲಿಸುವ ಭಾಗಗಳಿಲ್ಲ. ಇಷ್ಟು ಸರಳವಾಗಿರುವುದರಿಂದಲೇ ವರ್ಷಗಟ್ಟಲೆ ಅದರತ್ತ ಯಾರೂ ತಿರುಗಿ ನೋಡದೆ ಇರುವ ಅಪಾಯವೂ ಇದೆ.

ವಿಮಾನದ ಭಾರ ಕಾಲಿನ ಮೇಲೆ ಬಿದ್ದಾಗ ಚಕ್ರದ ತುದಿ ಮೇಲಕ್ಕೆ ತಳ್ಳಲ್ಪಡುತ್ತದೆ. ಆಗ ಕಾಲಿನ ಮೇಲ್ಮೈ ಕುಗ್ಗಿ, ಕೆಳಮೈ ಹಿಗ್ಗುತ್ತದೆ. ಉಕ್ಕಿನಲ್ಲಿ ಬಿರುಕು ಹುಟ್ಟುವುದು ಹಿಗ್ಗುವ ಮುಖದಲ್ಲಿ. ಅದಕ್ಕಾಗಿಯೇ ತಯಾರಕರು ಆ ಮುಖವನ್ನು ಸಣ್ಣ ಸಣ್ಣ ಗುಂಡುಗಳಿಂದ ಬಡಿದು ಬಿಗಿಗೊಳಿಸಿರುತ್ತಾರೆ. ಶಾಟ್ ಪೀನಿಂಗ್ ಎಂದು ಕರೆಯುವ ಈ ಕ್ರಿಯೆಯಿಂದ ಆ ಮುಖದ ಹೊರಪದರ ಸದಾ ಒತ್ತಡಕ್ಕೆ ಸಿಕ್ಕಿಕೊಂಡಿರುತ್ತದೆಯಾದ್ದರಿಂದ, ಕಾಲು ಬಾಗಿದಾಗ ಹಿಗ್ಗುವ ಬಲ ಮೊದಲು ಆ ಒತ್ತಡವನ್ನು ಕಳೆದು ನಂತರವೇ ಉಕ್ಕನ್ನು ಎಳೆಯಬೇಕಾಗುತ್ತದೆ. ಸೆಸ್ನಾ ಕೈಪಿಡಿಯ ಪ್ರಕಾರ ಈ ಪದರದ ದಪ್ಪ 0.010 ಇಂಚಿನಿಂದ 0.020 ಇಂಚು, ಎಂದರೆ ಸುಮಾರು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್. ತುಕ್ಕಿನ ಒಂದು ಕುಳಿ ಈ ಪದರವನ್ನು ದಾಟಿ ಒಳಗಿಳಿದರೆ, ಆ ಕುಳಿಯ ತಳವೇ ಮುಂದೊಂದು ದಿನ ಬಿರುಕಿನ ಬಾಯಿಯಾಗುತ್ತದೆ. ಮುಂದಿನ ಚಕ್ರದಿಂದ ಸಿಡಿಯುವ ಕಲ್ಲು ಬಡಿಯುವುದೂ, ಮಳೆನೀರು ಇಳಿದು ತೊಟ್ಟಿಕ್ಕದೆ ನಿಲ್ಲುವುದೂ, ನಿಂತು ನೋಡುವವರ ಕಣ್ಣಿಗೆ ಬೀಳದಿರುವುದೂ ಅದೇ ಕೆಳಮೈ ಎಂಬುದನ್ನು ನೆನಪಿಡಬೇಕು.

ಕೆಲಸ ಹಿಡಿಯುವ ಮುನ್ನ

ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರವಾನಗಿ ಪಡೆದ ಎಎಂಇ, ಎಂದರೆ ವಿಮಾನ ನಿರ್ವಹಣಾ ಎಂಜಿನಿಯರ್, ಸಹಿ ಹಾಕಬೇಕಾದ ಕೆಲಸ. ಮಾಲೀಕರು ಕೈಜೋಡಿಸಬಹುದು, ನೋಡಿ ಕಲಿಯಬಹುದು, ಆದರೆ ವಿಮಾನವನ್ನು ಮತ್ತೆ ಹಾರಾಟಕ್ಕೆ ಬಿಡುವ ಪ್ರಮಾಣಪತ್ರಕ್ಕೆ ಸಹಿ ಹಾಕುವವರ ಕಣ್ಣು ಪ್ರತಿ ಹಂತದಲ್ಲೂ ಅದರ ಮೇಲಿರಬೇಕು. ಹೊಸ ಕಾಲು ತರಿಸುವುದಾದರೆ ಅದರೊಂದಿಗೆ ಬರುವ ಬಿಡುಗಡೆ ಪತ್ರವನ್ನು ಮೊದಲು ನೋಡಿರಿ. ಅದು ನಮ್ಮಲ್ಲಿಯ ಸಿಎ ಫಾರ್ಮ್ 1 ಆಗಿರಬಹುದು, ಅಮೆರಿಕದ 8130-3 ಆಗಿರಬಹುದು. ಪತ್ರದಲ್ಲಿರುವ ಭಾಗಸಂಖ್ಯೆಯನ್ನು ನಿಮ್ಮ ವಿಮಾನದ ಭಾಗಪಟ್ಟಿಯೊಂದಿಗೆ ಅಕ್ಷರ ಅಕ್ಷರ ಹೊಂದಿಸಿ ನೋಡಬೇಕು. ಎಡ ಬಲಗಳು ಬೇರೆ ಬೇರೆ, ಕೆಲವು ವರ್ಷಗಳ ಮಾದರಿಗಳ ನಡುವೆಯೂ ವ್ಯತ್ಯಾಸವಿದೆ, ನೋಟಕ್ಕೆ ಒಂದೇ ಎಂದು ನಂಬುವಂತಿಲ್ಲ.

ಕಾಲದ ಆಯ್ಕೆಯೂ ಮುಖ್ಯ. ಬಣ್ಣದ ಕೆಲಸವಿರುವುದರಿಂದ ಬೆಂಗಳೂರಿನಲ್ಲಿ ನಾನು ಇದಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯನ್ನೇ ಆರಿಸಿಕೊಳ್ಳುತ್ತೇನೆ. ಮುಂಗಾರಿನಲ್ಲಿ ಬರಿಯ ಉಕ್ಕನ್ನು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಅದರ ಮೇಲೆ ಕಿತ್ತಳೆ ಬಣ್ಣದ ಮಸುಕು ಕುಳಿತಿರುತ್ತದೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಲೋಹದ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರುವಂತೆ ನೋಡಿಕೊಂಡು, ಉಜ್ಜುವುದನ್ನೂ ಬಣ್ಣದ ಕೆಳಗೆ ಬರುವ ಪ್ರೈಮರ್ ಲೇಪನವನ್ನು ಮೊದಲ ಸಲ ಹೊಡೆಯುವುದನ್ನೂ ಒಂದೇ ಪಾಳಿಯಲ್ಲಿ ಮುಗಿಸಬೇಕು.

ಎತ್ತುವುದು

ಕಾಲನ್ನೇ ತೆಗೆಯುವುದರಿಂದ ಕಾಲಿನ ಮೇಲೆ ಜ್ಯಾಕ್ ಇಡುವಂತಿಲ್ಲ. ಕೈಪಿಡಿ ತೋರಿಸಿರುವ ರೆಕ್ಕೆಯ ಜಾಗಗಳಲ್ಲಿ, ಮೆತ್ತನೆಯ ದಿಂಬು ಕೊಟ್ಟು, ಎರಡೂ ಬದಿ ಒಟ್ಟಿಗೆ ಎತ್ತಬೇಕು, ಬಾಲವನ್ನು ಭಾರ ಕಟ್ಟಿ ಅಥವಾ ಆಧಾರ ಕೊಟ್ಟು ಕದಲದಂತೆ ಮಾಡಬೇಕು. ಹ್ಯಾಂಗರಿನ ಬಾಗಿಲು ಮುಚ್ಚಿರಲಿ, ಏಕೆಂದರೆ ಮಧ್ಯಾಹ್ನದ ಒಂದು ಗಾಳಿ ರೆಕ್ಕೆಗೆ ಸಿಕ್ಕರೆ ಜ್ಯಾಕ್ ಮೇಲಿನ ವಿಮಾನಕ್ಕೆ ಅದು ಸಣ್ಣ ವಿಷಯವಲ್ಲ. ಒಂದೊಂದೇ ಚಕ್ರ ಬದಲಿಸುವಾಗ ಬಳಸುವ ಕಾಲಿನ ಜ್ಯಾಕ್ ಬಿಂದುವನ್ನು ಎರಡೂ ಬದಿ ಒಟ್ಟಿಗೆ ಬಳಸಬಾರದೆಂದು ಸೆಸ್ನಾ ಸ್ಪಷ್ಟವಾಗಿ ಹೇಳುತ್ತದೆ. ಎತ್ತಿದಂತೆಲ್ಲ ಕಾಲು ಒಳಕ್ಕೆ ಸರಿದು ಜ್ಯಾಕ್ ವಾಲುತ್ತದೆ. ಬ್ರೇಕಿನ ಎರಕದ ಭಾಗದ ಕೆಳಗೆ ಜ್ಯಾಕ್ ಇಡುವುದಂತೂ ಎಂದಿಗೂ ಸಲ್ಲದು.

ಚಕ್ರಗಳು ನೆಲ ಬಿಟ್ಟಾಗ ಕಾಲುಗಳು ಕೆಳಕ್ಕೆ ಮತ್ತು ಒಳಕ್ಕೆ ಬಂದು ಆರಾಮವಾಗಿ ನೇತಾಡುತ್ತವೆ. ಈ ಹಂತದಲ್ಲಿ ಸ್ವಲ್ಪ ನಿಂತು, ಕಾಲು ಹೊಟ್ಟೆಯೊಳಕ್ಕೆ ಸೇರುವಲ್ಲಿ ಸಡಿಲವಿದೆಯೇ ಎಂದು ಚಕ್ರ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡುವುದು ನನ್ನ ಪದ್ಧತಿ. ಬಿಚ್ಚಿದ ಮೇಲೆ ಈ ಸುಳಿವು ಸಿಗುವುದಿಲ್ಲ.

ಬಿಚ್ಚುವುದು

ಮೊದಲು ಟೈರಿನ ಗಾಳಿಯನ್ನು ಪೂರ್ತಿ ಬಿಡಬೇಕು. ಈ ಚಕ್ರಗಳು ಎರಡು ಹೋಳುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದವು. ಆ ಬೋಲ್ಟುಗಳಲ್ಲಿ ಒಂದೆರಡು ಒಳಗೆ ಮುರಿದಿದ್ದರೆ, ಹೋಳುಗಳನ್ನು ಹಿಡಿದಿರುವುದು ಚಕ್ರದ ಅಚ್ಚಿನ, ಎಂದರೆ ಆಕ್ಸಲಿನ, ನಟ್ ಮಾತ್ರ ಆಗಿರಬಹುದು. ಗಾಳಿ ತುಂಬಿದ ಟೈರಿನ ಎದುರು ಕುಳಿತು ಆ ನಟ್ ತೆಗೆದರೆ ಚಕ್ರ ಸಿಡಿಯುತ್ತದೆ. ಗಾಳಿ ಬಿಟ್ಟ ಮೇಲೆ ಬ್ರೇಕ್ ಕ್ಯಾಲಿಪರ್ ಬೋಲ್ಟುಗಳನ್ನೂ, ಕಾಟರ್ ಪಿನ್ ಮತ್ತು ಆಕ್ಸಲ್ ನಟ್ಟನ್ನೂ ತೆಗೆದು ಚಕ್ರವನ್ನು ಹೊರಗೆಳೆದು, ಬೇರಿಂಗುಗಳಿಗೆ ದೂಳು ತಾಗದಂತೆ ಮುಚ್ಚಿಡಬೇಕು.

ಆ ಬದಿಯ ಬ್ರೇಕ್ ಎಣ್ಣೆಯನ್ನು ಪಾತ್ರೆಗೆ ಬಸಿದು, ಕೊಳವೆಯನ್ನು ಹೊಟ್ಟೆಯ ಹೊರಗೆ ಬರುವ ಜೋಡಣೆಯ ಬಳಿ ಬಿಚ್ಚಿ, ಎರಡೂ ಬಾಯಿಗಳಿಗೆ ಮುಚ್ಚಳ ಹಾಕಬೇಕು. ಬಟ್ಟೆ ತುರುಕುವುದು ಬೇಡ, ನೂಲು ಒಳಗೆ ಉಳಿಯುತ್ತದೆ. ಆಕ್ಸಲನ್ನು ಕಾಲಿನ ತುದಿಯಿಂದ ಬಿಚ್ಚುವಾಗ ನಡುವೆ ಒಂದು ತೆಳ್ಳನೆಯ ಓರೆ ಬಿಲ್ಲೆ ಸಿಗಬಹುದು. ಅದು ಚಕ್ರದ ಕೋನವನ್ನು ಸರಿಪಡಿಸಲು ಇಟ್ಟ ಷಿಮ್. ಅದರ ದಪ್ಪ ತುದಿ ಯಾವ ಕಡೆಗಿತ್ತು ಎಂಬುದನ್ನು ತೆಗೆಯುವ ಮೊದಲೇ ಫೋಟೊ ತೆಗೆದು, ಬಿಲ್ಲೆಯ ಮೇಲೆ ಬಾಣದ ಗುರುತು ಬರೆದಿಡಿರಿ. ಈ ಒಂದು ನಿಮಿಷದ ಕೆಲಸ ಕೊನೆಯಲ್ಲಿ ಅರ್ಧ ದಿನವನ್ನು ಉಳಿಸುತ್ತದೆ.

ಇನ್ನು ಕ್ಯಾಬಿನ್ ನೆಲದ ಮುಚ್ಚಳಗಳನ್ನು ತೆರೆದು, ಕಾಲಿನ ಒಳತುದಿಯನ್ನು ಹಿಡಿದಿರುವ ಬೋಲ್ಟನ್ನು ಹುಡುಕಬೇಕು. ಕೊಳವೆ ಕಾಲು ಹೊಟ್ಟೆಯ ಬದಿಯಲ್ಲಿ ಬುಷಿಂಗ್ ಎಂಬ ಬಳೆಯಂಥ ಆಧಾರದ ಮೂಲಕ ತೂರಿ, ಒಳಗೆ ಈ ಒಂದು ಬೋಲ್ಟಿನಿಂದ ನಿಂತಿರುತ್ತದೆ. ನಟ್ ಬಿಚ್ಚಿ ಬೋಲ್ಟ್ ತೆಗೆದ ಮೇಲೆ, ಇಬ್ಬರು ಸೇರಿ ಕಾಲನ್ನು ನೇರವಾಗಿ ಹೊರಗೆಳೆಯಬೇಕು. ಹಳೆಯ ವಿಮಾನಗಳಲ್ಲಿ ಅದು ಬುಷಿಂಗಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು, ಕಾಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಳೆಯುವುದು ಸರಿಯಾದ ದಾರಿ. ಸುತ್ತಿಗೆಯಿಂದ ಹೊಡೆದ ಗುರುತು ಕಾಲಿನ ಮೇಲೆ ಉಳಿದರೆ ಅದೂ ಒಂದು ಗಾಯವೇ, ಗ್ಯಾಸ್ ಕಟ್ಟರಿನ ಬೆಂಕಿ ತೋರಿಸಿದರಂತೂ ಆ ಕಾಲು ಅಲ್ಲಿಗೇ ಮುಗಿಯಿತು.

ಹೊರಬಂದ ಕಾಲಿನ ಬುಷಿಂಗ್ ಇದ್ದ ಪಟ್ಟೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಅಲ್ಲಿ ನೀರು ಸೇರಿ ಹೊರಹೋಗುವ ದಾರಿಯಿಲ್ಲದೆ, ಕಾಲು ಅಲುಗಿದಾಗಲೆಲ್ಲ ಲೋಹ ಸವೆದು, ಕಂದು ಬಣ್ಣದ ನಯವಾದ ಪುಡಿ ಕೂತಿರುತ್ತದೆ. ಹೊರಗಿನ ಬಣ್ಣ ಹೊಸದರಂತೆ ಹೊಳೆಯುವ ಕಾಲಿನಲ್ಲೂ ಈ ಪಟ್ಟೆ ಹಾಳಾಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಬುಷಿಂಗ್ ಮತ್ತು ಅದನ್ನು ಹಿಡಿದಿರುವ ಹೊಟ್ಟೆಯ ಚೌಕಟ್ಟನ್ನು ಕೂಡ ಬಿರುಕಿಗಾಗಿ, ಸಡಿಲಾದ ರಿವೆಟಿಗಾಗಿ ಇದೇ ಹೊತ್ತಿನಲ್ಲಿ ನೋಡಿಬಿಡಬೇಕು, ಇಷ್ಟು ಚೆನ್ನಾಗಿ ಅದು ಮತ್ತೆಂದೂ ತೆರೆದುಕೊಳ್ಳುವುದಿಲ್ಲ.

ಬಣ್ಣ ತೆಗೆಯುವುದು: ರಾಸಾಯನಿಕ ಬೇಡ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಓದುವ ಸಮಯವಿದ್ದರೆ ಇದನ್ನು ಓದಿರಿ. ಬಣ್ಣ ಕರಗಿಸುವ ಪೇಂಟ್ ರಿಮೂವರ್ ಆಗಲಿ, ತುಕ್ಕು ತೆಗೆಯುವ ದ್ರಾವಣವಾಗಲಿ, ಆಸಿಡ್ ಆಗಲಿ ಈ ಕಾಲುಗಳಿಗೆ ತಾಗಬಾರದು. ಆಮ್ಲವು ಉಕ್ಕಿನೊಂದಿಗೆ ಸೇರಿದಾಗ ಹೈಡ್ರೋಜನ್ ಹುಟ್ಟುತ್ತದೆ, ಅದರಲ್ಲಿ ಒಂದು ಪಾಲು ಅನಿಲವಾಗಿ ಹೊರಗೆ ಹೋಗದೆ ಪರಮಾಣು ರೂಪದಲ್ಲಿ ಉಕ್ಕಿನೊಳಕ್ಕೆ ನುಗ್ಗುತ್ತದೆ. ಮೆತ್ತನೆಯ ಉಕ್ಕಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. ಆದರೆ ಸ್ಪ್ರಿಂಗ್ ಕಾಲಿನಂಥ ಅತಿಬಲದ ಉಕ್ಕು ಹೈಡ್ರೋಜನ್‌ನಿಂದ ಗಾಜಿನಂತೆ ಭಿದುರವಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆ ದಿನದ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಕಾಲನ್ನು ಜೋಡಿಸಿ ಹಾರಾಟಕ್ಕೆ ಬಿಟ್ಟು ದಿನಗಳೋ ವಾರಗಳೋ ಕಳೆದ ಮೇಲೆ, ಭಾರ ಹೊತ್ತು ಸುಮ್ಮನೆ ನಿಂತಾಗಲೂ ಬಿರುಕು ಬಿಡಬಹುದು. ಹೀಗಾಗದಂತೆ ತಡೆಯಲು ನಂಬಬಹುದಾದ ದಾರಿ ಒಂದೇ, ಅಂಥ ರಾಸಾಯನಿಕವನ್ನು ಬಳಸದೇ ಇರುವುದು.

ಪೀಣ್ಯದಂಥ ಕೈಗಾರಿಕಾ ಪ್ರದೇಶ ಹತ್ತಿರದಲ್ಲೇ ಇರುವ ನಮ್ಮ ಊರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಲೇಪನದ ಕೆಲಸ ಮಾಡುವ ಅಂಗಡಿಗಳಿಗೆ ತುಕ್ಕು ಹಿಡಿದ ಉಕ್ಕು ಕೊಟ್ಟರೆ, ಅದನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ಬೆಳ್ಳಗೆ ಮಾಡಿ ಕೊಡುವುದು ಅವರ ದಿನನಿತ್ಯದ ರೂಢಿ, ಅದರಲ್ಲಿ ಅವರ ತಪ್ಪೇನೂ ಇಲ್ಲ. ತಪ್ಪು ಕಾಲನ್ನು ಅಲ್ಲಿಗೆ ಕಳುಹಿಸಿದವರದು. ಬಹಳ ವರ್ಷಗಳ ಹಿಂದೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಕಡೆ ಮರುಲೇಪನವಾಗಿ ಬಂದ ವಿಮಾನವೊಂದನ್ನು ಹಾರಾಟಕ್ಕೆ ಮುಂಚೆ ನೋಡುತ್ತಿದ್ದೆ. ಎಡಗಾಲಿನ ಕೆಳಮೈಯಲ್ಲಿ, ಹೊಚ್ಚಹೊಸ ಬಿಳಿ ಬಣ್ಣದ ಮೇಲೆ, ಬೆರಳಿನುದ್ದದ ಒಂದು ಗೆರೆ ಕಂಡಿತು. ಕೂದಲೆಳೆಗಿಂತ ದಪ್ಪವಿರಲಿಲ್ಲ, ಅದರ ಒಂದು ತುದಿಯಿಂದ ಚಹಾದ ಬಣ್ಣದ ನೀರು ಒಸರಿ ಒಣಗಿದ ಕಲೆಯಿತ್ತು. ಉಗುರು ಎಳೆದರೆ ತಡೆಯುತ್ತಿತ್ತು. ಬಣ್ಣ ಕೆರೆದು ನೋಡಿದಾಗ ಬಿರುಕು ಉಕ್ಕಿನಲ್ಲೇ ಇತ್ತು. ಕಾಲನ್ನು ತುಕ್ಕಿಗಾಗಿ ಆಸಿಡ್‌ನಲ್ಲಿ ಅದ್ದಿ ತೆಗೆದದ್ದು ವಿಚಾರಿಸಿದ ಮೇಲೆ ತಿಳಿಯಿತು, ಆದರೆ ಲಾಗ್‌ಬುಕ್‌ನಲ್ಲಿ ಅದರ ಒಂದು ಅಕ್ಷರವೂ ಇರಲಿಲ್ಲ. ಅಂದಿನಿಂದ ಇಂದಿನವರೆಗೆ, ಮರುಲೇಪನವಾದ ಕಾಲು ಎದುರಿಗೆ ಬಂದರೆ ಹಳೆಯ ಬಣ್ಣವನ್ನು ಹೇಗೆ ತೆಗೆದಿರಿ ಎಂಬ ಪ್ರಶ್ನೆಯನ್ನೇ ನಾನು ಮೊದಲು ಕೇಳುತ್ತೇನೆ.

ಮನೆಯಲ್ಲಿ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿ ಬ್ಯಾಟರಿಯಿಂದ ತುಕ್ಕು ಬಿಡಿಸುವ ವಿಧಾನ ಆಮ್ಲವಿಲ್ಲದ್ದರಿಂದ ಸುರಕ್ಷಿತ ಎಂದು ಕೆಲವರು ನಂಬುತ್ತಾರೆ. ಅದರಲ್ಲಿ ಹೈಡ್ರೋಜನ್ ಹುಟ್ಟುವುದು ಕಾಲಿನ ಮೈಮೇಲೆಯೇ, ಆದ್ದರಿಂದ ಅದೂ ವರ್ಜ್ಯ.

ಉಳಿಯುವುದು ಕೈಯ ಶ್ರಮ. ಅಲ್ಯುಮಿನಿಯಂ ಆಕ್ಸೈಡ್ ಸ್ಯಾಂಡ್‌ಪೇಪರನ್ನು ಸಣ್ಣ ರಬ್ಬರ್ ತುಂಡಿಗೆ ಸುತ್ತಿಕೊಂಡು, 120 ನಂಬರಿನಿಂದ ಆರಂಭಿಸಿ 240, 320, 400ರವರೆಗೆ ಹೋಗಬೇಕು. ದಪ್ಪ ನಂಬರಿನದು ಬಣ್ಣಕ್ಕೆ ಮಾತ್ರ, ಉಕ್ಕು ಕಂಡ ಕೂಡಲೇ ಸಣ್ಣದಕ್ಕೆ ಬದಲಿಸಬೇಕು. ಉಜ್ಜುವ ದಿಕ್ಕು ಸದಾ ಕಾಲಿನ ಉದ್ದಕ್ಕೆ ಇರಲಿ. ಅಡ್ಡಲಾಗಿ ಬಿದ್ದ ಗೀರು ಬಾಗುವ ಬಲಕ್ಕೆ ಎದುರಾಗಿ ನಿಂತು ಬಿರುಕಿಗೆ ಆಹ್ವಾನ ಕೊಡುತ್ತದೆ, ಉದ್ದದ ಗೀರು ಅಷ್ಟು ಅಪಾಯ ಮಾಡದು. ಗ್ರೈಂಡರ್ ಬಳಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಅದರ ಚಕ್ರದ ಕೆಳಗೆ ಉಕ್ಕು ಕ್ಷಣಮಾತ್ರದಲ್ಲಿ ನೀಲಿಗಟ್ಟುವಷ್ಟು ಬಿಸಿಯಾಗಿ ಅದರ ಪಾಕವೇ ಕೆಡುತ್ತದೆ, ಪೀನಿಂಗ್ ಪದರವನ್ನೂ ಅದು ಕೊರೆದು ಹಾಕುತ್ತದೆ. ಒಂದು ಕಾಲಿಗೆ ಒಂದೂವರೆ ದಿನ ಹಿಡಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿರಿ.

ಕಾಲಿನ ಮೇಲೆ ಪೈಲಟ್ ಹತ್ತಲು ಅಂಟಿಸಿದ ಮೆಟ್ಟಿಲಿರುತ್ತದೆ. ಅದನ್ನು ತೆಗೆದು ಕೆಳಗೆ ನೋಡದೆ ಮರುಲೇಪನ ಮಾಡಿದರೆ ಕೆಲಸ ಅರ್ಧವಾದಂತೆ, ಏಕೆಂದರೆ ಅಂಟು ಬಿಟ್ಟ ಅಂಚಿನಲ್ಲಿ ನೀರು ಸೇರಿ ಅಲ್ಲಿಯೇ ಕುಳಿಗಳು ಬೀಳುತ್ತವೆ. ಮೆಟ್ಟಿಲಿನ ಜಾಗವನ್ನು ಮೊದಲು ಅಳೆದು ಬರೆದುಕೊಂಡು ತೆಗೆಯಿರಿ. ಮತ್ತೆ ಕೂರಿಸುವಾಗ ಕೈಪಿಡಿ ಹೇಳಿದ ಅಂಟನ್ನೇ ಬಳಸಿ, ಅದು ಪೂರ್ತಿ ಗಟ್ಟಿಯಾಗುವ ತನಕ ಯಾರೂ ಕಾಲಿಡದಂತೆ ನೋಡಿಕೊಳ್ಳಿರಿ. ಸ್ಕ್ರೂ ಹಾಕಲು ಕಾಲಿಗೆ ತೂತು ಕೊರೆಯುವ ಯೋಚನೆ ಮನಸ್ಸಿನಲ್ಲಿ ಸುಳಿಯಲೂಬಾರದು.

ಉಳಿಸಬೇಕೆ, ಬದಲಿಸಬೇಕೆ

ಬರಿಮೈಯಾದ ಕಾಲನ್ನು ಬಿಸಿಲಿಗೆ ಹಿಡಿದು, ಹತ್ತುಪಟ್ಟು ಹಿಗ್ಗಿಸುವ ಮಸೂರದಿಂದ ಮೊದಲು ಕೆಳಮೈಯನ್ನೂ, ನಂತರ ಆಕ್ಸಲ್ ಬೋಲ್ಟುಗಳ ತೂತಿನ ಸುತ್ತಲನ್ನೂ ನೋಡಬೇಕು. ತುಕ್ಕಿನ ಕುಳಿ ಕಂಡಲ್ಲಿ ಸಣ್ಣ ಕಾಗದದಿಂದ ಅದು ಕಾಣೆಯಾಗುವವರೆಗೆ ಉಜ್ಜಿ, ಅಂಚುಗಳನ್ನು ಸುತ್ತಲೂ ನಿಧಾನವಾಗಿ ಇಳಿಜಾರು ಮಾಡಿ, ತಟ್ಟೆಯಂಥ ತಗ್ಗಾಗಿಸಬೇಕು. ನಂತರ ಡಯಲ್ ಗೇಜಿನಿಂದ ಆ ತಗ್ಗಿನ ಆಳವನ್ನು ಅಳೆದು ಬರೆದುಕೊಳ್ಳಬೇಕು. ಆಳ ಎಷ್ಟಾದರೆ ಕಾಲು ತಿರಸ್ಕೃತ ಎಂಬುದು ಮೇಲ್ಮೈ, ಕೆಳಮೈ, ಅಂಚುಗಳಿಗೆ ಬೇರೆ ಬೇರೆಯಾಗಿ ಕೈಪಿಡಿಯಲ್ಲಿದೆ. ಮಿತಿಗೆ ಕೂದಲೆಳೆಯಷ್ಟು ಹತ್ತಿರ ಬಂದ ಕಾಲನ್ನು ತರಬೇತಿ ವಿಮಾನದಲ್ಲಿ ಉಳಿಸಿಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ತಿಂಗಳಿಗೆ ನಾಲ್ಕು ಸಲ ಇಳಿಯುವ ಖಾಸಗಿ ವಿಮಾನದ ಲೆಕ್ಕ ಬೇರೆ, ದಿನಕ್ಕೆ ಹತ್ತಾರು ಸಲ ಇಳಿಯುವ ವಿಮಾನದ ಲೆಕ್ಕ ಬೇರೆ.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಕಾಂತಕಣ ಪರೀಕ್ಷೆ ಆಗಬೇಕು. ಕಾಲನ್ನು ಕಾಂತೀಕರಿಸಿ, ಹೊಳೆಯುವ ಕಬ್ಬಿಣದ ಕಣಗಳಿರುವ ದ್ರವ ಸುರಿದು, ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಬಿರುಕಿನ ಮೇಲೆ ಕಣಗಳು ಸಾಲುಗಟ್ಟಿ ಹಸಿರು ಗೆರೆಯಾಗಿ ಹೊಳೆಯುತ್ತವೆ. ಕಾಂತರೇಖೆಗೆ ಅಡ್ಡಲಾದ ಬಿರುಕು ಮಾತ್ರ ಚೆನ್ನಾಗಿ ಕಾಣುವುದರಿಂದ ಎರಡು ದಿಕ್ಕಿನಲ್ಲೂ ಕಾಂತೀಕರಿಸಬೇಕು. ನಮಗೆ ಮುಖ್ಯವಾದ ಅಡ್ಡ ಬಿರುಕುಗಳು ಸಿಗುವುದು ಸುರುಳಿಯೊಳಗೆ ಉದ್ದಕ್ಕೆ ಕಾಂತೀಕರಿಸಿದಾಗ. ವಾಯುಯಾನ ಕೆಲಸಕ್ಕೆ ಅನುಮೋದನೆಯಿರುವ ಪ್ರಯೋಗಾಲಯಕ್ಕೇ ಕೊಟ್ಟು, ಪರೀಕ್ಷೆಯ ನಂತರ ಕಾಂತತ್ವ ಕಳೆದಿರುವುದನ್ನೂ ವರದಿಯಲ್ಲಿ ಬರೆಸಿಕೊಳ್ಳಬೇಕು. ಪೂರ್ವಭಾವಿಯಾಗಿ ಶುಚಿಗೊಳಿಸುವ ನೆಪದಲ್ಲಿ ಆಮ್ಲ ಬಳಸಕೂಡದೆಂದು ಚೀಟಿಯಲ್ಲಿ ಬರೆದು ಕಾಲಿಗೇ ಕಟ್ಟಿ ಕಳುಹಿಸುವುದು ನನ್ನ ರೂಢಿ.

ಬಣ್ಣ

ಕಾಲು ಮರಳಿ ಬಂದ ಮೇಲೆ ಬರಿಗೈಯಿಂದ ಮುಟ್ಟಬಾರದು, ಬೆವರಿನ ಉಪ್ಪು ಬಣ್ಣದ ಕೆಳಗೆ ಉಳಿದು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. 400 ನಂಬರಿನಿಂದ ಲಘುವಾಗಿ ಒಮ್ಮೆ ಉಜ್ಜಿ, ಎಂಇಕೆ ದ್ರಾವಕದಲ್ಲಿ ನೆನೆಸಿದ ಒಗೆದ ಮಲ್ ಬಟ್ಟೆಯಿಂದ ಒರೆಸಿ, ದ್ರಾವಕ ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಇದ್ದಲ್ಲಿಯೇ ಮತ್ತೆ ಕೂರುತ್ತದೆ.

ಎರಡು ಭಾಗಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಲಿಯುರೆಥೇನ್ ಬಣ್ಣ, ಇದು ನಂಬಬಹುದಾದ ಜೋಡಿ. ವಾಷ್ ಪ್ರೈಮರ್ ಅಥವಾ ಎಚ್ ಪ್ರೈಮರ್ ಎಂದು ಮಾರುವವುಗಳಲ್ಲಿ ಫಾಸ್ಫಾರಿಕ್ ಆಮ್ಲವಿರುತ್ತದೆ. ಇಷ್ಟು ಕಷ್ಟಪಟ್ಟು ಆಮ್ಲವನ್ನು ದೂರವಿಟ್ಟು ಕೊನೆಯಲ್ಲಿ ಡಬ್ಬಿಯ ಮೂಲಕ ಒಳಗೆ ಬಿಟ್ಟುಕೊಳ್ಳಬಾರದು. ಪೌಡರ್ ಕೋಟಿಂಗ್ ಗಟ್ಟಿಯಾಗಿರುತ್ತದೆ ನಿಜ, ಆದರೆ ಆ ದಪ್ಪ ಚರ್ಮದ ಕೆಳಗೆ ಬಿರುಕು ಬಿಟ್ಟರೂ ಮೇಲೆ ಸುಳಿವು ಕಾಣದೆ ಹೋಗಬಹುದು, ಕಲ್ಲು ಬಡಿದು ಒಂದು ಕಡೆ ಎದ್ದರೆ ನೀರು ಒಳಗೊಳಗೇ ಹರಡುತ್ತದೆ. ತಯಾರಕರು ಒಪ್ಪಿಗೆ ಕೊಡದ ಕಡೆ ನಾನು ಅದನ್ನು ಹಾಕಿಸುವುದಿಲ್ಲ.

ಹೊಡೆಯುವ ಮುನ್ನ ಆಕ್ಸಲ್ ಕೂರುವ ಮುಖ, ಬೋಲ್ಟಿನ ತೂತುಗಳು ಮತ್ತು ಮೆಟ್ಟಿಲು ಅಂಟುವ ಜಾಗಗಳನ್ನು ಟೇಪಿನಿಂದ ಮುಚ್ಚಬೇಕು. ಬುಷಿಂಗಿನೊಳಗೆ ಹೋಗುವ ಭಾಗಕ್ಕೆ ಯಾವ ಲೇಪನವೆಂದು ಕೈಪಿಡಿ ನೋಡಿ ತೀರ್ಮಾನಿಸಬೇಕು. ಬೋಲ್ಟಿನಿಂದ ಬಿಗಿಯುವ ಮುಖಗಳ ನಡುವೆ ದಪ್ಪ ಬಣ್ಣ ಉಳಿದರೆ ದಿನ ಕಳೆದಂತೆ ಅದು ಹಿಂಡಿ ಹೊರಬಂದು, ಟಾರ್ಕ್, ಎಂದರೆ ಅಳತೆಯ ತಿರುಚು ಬಲ, ಕೊಟ್ಟು ಬಿಗಿದ ಬೋಲ್ಟು ತಾನಾಗಿ ಸಡಿಲಾಗುತ್ತದೆ, ಆದ್ದರಿಂದ ಅಲ್ಲಿ ಪ್ರೈಮರಿನ ತೆಳು ಪದರವೇ ಸಾಕು. ಕಾಲನ್ನು ನೇತುಹಾಕಿ, ಕೆಳಮೈಗೆ ಮೊದಲು, ಮೇಲ್ಮೈಗೆ ನಂತರ ಹೊಡೆಯಬೇಕು. ಎರಡು ತೆಳು ಪದರ ಪ್ರೈಮರ್, ತಯಾರಕರ ಹಾಳೆ ಹೇಳಿದ ಅಂತರ ಬಿಟ್ಟು ಎರಡು ಮೂರು ತೆಳು ಪದರ ಬಣ್ಣ. ಪಾಲಿಯುರೆಥೇನಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಬಟ್ಟೆಯ ಮಾಸ್ಕ್ ಅದಕ್ಕೆ ತಡೆಯೇ ಅಲ್ಲ, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಸುಕು ಬೇಕು. ಬಣ್ಣ ಬಿಳಿಯದೋ ತಿಳಿ ಬೂದಿಯದೋ ಇರಲಿ, ಆ ದಿನ ಚಹಾ ಬಣ್ಣದ ಕಲೆ ನನ್ನ ಕಣ್ಣಿಗೆ ಬಿದ್ದದ್ದು ಬಿಳಿಯ ಮೇಲಾದ್ದರಿಂದಲೇ. ಮುಟ್ಟಿದರೆ ಅಂಟದಂತಾಗಲು ಒಂದು ದಿನ ಸಾಕು, ಪೂರ್ತಿ ಗಟ್ಟಿಯಾಗಲು ವಾರವಾದರೂ ಬೇಕು.

ಜೋಡಿಸುವುದು

ಕಾಲಿನ ಮೇಲ್ತುದಿಗೂ ಬುಷಿಂಗಿನ ಒಳಮೈಗೂ ಕೈಪಿಡಿ ಹೇಳಿದ ಗ್ರೀಸನ್ನು ಧಾರಾಳವಾಗಿ ಹಚ್ಚಿ, ಹೊಸ ಬಣ್ಣ ಕೆರೆಯದಂತೆ ನೇರವಾಗಿ ತೂರಿಸಬೇಕು. ಒಳಗಿನ ಬೋಲ್ಟಿನ ತೂತು ಹೊಂದದಿದ್ದರೆ ಬೋಲ್ಟನ್ನೇ ಬಡಿದು ದಾರಿ ಮಾಡುವುದು ಬೇಡ, ಒಬ್ಬರು ಚಕ್ರದ ತುದಿಯನ್ನು ಸ್ವಲ್ಪ ತಿರುಗಿಸಿದರೆ ಅದು ತಾನಾಗಿ ಜಾರಿ ಹೋಗುತ್ತದೆ. ಹಳೆಯ ಬೋಲ್ಟು ಮತ್ತು ಸ್ವಯಂಬಿಗಿ ನಟ್ಟುಗಳನ್ನು ಮತ್ತೆ ಬಳಸದೆ ಹೊಸವನ್ನೇ ಹಾಕಬೇಕು. ವಾಯುಯಾನದ ಸಾಮಾನ್ಯ ಕೋಷ್ಟಕದಲ್ಲಿ 3/8 ಇಂಚಿನ ಸಣ್ಣ ಮರೆಯ ಬೋಲ್ಟಿಗೆ 160ರಿಂದ 190 ಇಂಚು-ಪೌಂಡ್, 5/16ರದ್ದಕ್ಕೆ 100ರಿಂದ 140 ಇಂಚು-ಪೌಂಡ್ ಎಂದಿದೆ, ಕೈಪಿಡಿಯಲ್ಲಿ ಆ ಜಾಗಕ್ಕೇ ಬೇರೆ ಸಂಖ್ಯೆ ಕೊಟ್ಟಿದ್ದರೆ ಅದನ್ನೇ ಹಿಡಿಯಬೇಕು. ಸ್ವಯಂಬಿಗಿ ನಟ್ಟು ಖಾಲಿಯಾಗಿ ತಿರುಗಲು ಬೇಕಾಗುವ ಬಲವನ್ನು ಮೊದಲು ಅಳೆದು, ಅದನ್ನು ಟಾರ್ಕಿಗೆ ಕೂಡಿಸುವುದನ್ನು ಹೊಸಬರು ಮರೆಯುತ್ತಾರೆ.

ಆಕ್ಸಲ್, ಷಿಮ್‌ಗಳನ್ನು ಗುರುತಿನಂತೆ ಕೂರಿಸಿ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ ಚಕ್ರ ಹಾಕಬೇಕು. ಚಕ್ರವನ್ನು ತಿರುಗಿಸುತ್ತಲೇ ಆಕ್ಸಲ್ ನಟ್ಟನ್ನು ಸ್ವಲ್ಪ ತಡೆ ಸಿಗುವವರೆಗೆ ಬಿಗಿದು, ಹತ್ತಿರದ ಪಿನ್ ತೂತಿನವರೆಗೆ ಹಿಂದಕ್ಕೆ ಬಿಟ್ಟು, ಹೊಸ ಕಾಟರ್ ಪಿನ್ ಹಾಕಬೇಕು.

ಬ್ರೇಕಿಗೆ ಕೆಂಪು ಬಣ್ಣದ ಖನಿಜ ಎಣ್ಣೆ, ಮಿಲ್-ಎಚ್-5606 ದರ್ಜೆಯದು, ಮಾತ್ರ. ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಉಬ್ಬಿ ಕೆಡುತ್ತವೆ. ಏರ್ ತೆಗೆಯುವಾಗ ಎಣ್ಣೆಯನ್ನು ಕ್ಯಾಲಿಪರಿನ ಕೆಳಗಿನಿಂದ ಮೇಲಕ್ಕೆ ತಳ್ಳುವುದೇ ಸುಲಭ, ಗುಳ್ಳೆಗಳು ತಾವಾಗಿ ಮೇಲೇರುವ ದಿಕ್ಕು ಅದೇ. ಬೆಂಗಳೂರಿನವರು ಬ್ರೇಕಿನ ವಿಷಯದಲ್ಲಿ ಇನ್ನೊಂದು ಲೆಕ್ಕವನ್ನು ನೆನಪಿಡಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮ ತೆಳು ಗಾಳಿಯಲ್ಲಿ, ವಿಮಾನದ ವೇಗಮಾಪಕ ಅದೇ ವೇಗ ತೋರಿಸಿದರೂ ನೆಲದ ಮೇಲಿನ ನಿಜವಾದ ವೇಗ ನಾಲ್ಕೈದು ಶೇಕಡಾ ಹೆಚ್ಚಿರುತ್ತದೆ, ಬ್ರೇಕು ಹೀರಬೇಕಾದ ಶಕ್ತಿ ಸುಮಾರು ಒಂಬತ್ತು ಶೇಕಡಾ ಹೆಚ್ಚುತ್ತದೆ. ಬೇಸಿಗೆಯ ಮಧ್ಯಾಹ್ನ ಇನ್ನೂ ಹೆಚ್ಚು.

ಚಕ್ರದ ಕೋನ

ವಿಮಾನವನ್ನು ಇಳಿಸುವ ಮೊದಲು ಪ್ರತಿ ಚಕ್ರದ ಕೆಳಗೆ ಎರಡೆರಡು ಅಲ್ಯುಮಿನಿಯಂ ತಗಡುಗಳನ್ನು ನಡುವೆ ಗ್ರೀಸ್ ಹಚ್ಚಿ ಇಡಬೇಕು. ಭಾರ ಬಿದ್ದಾಗ ಕಾಲು ಹೊರಕ್ಕೆ ಸರಿಯುತ್ತದೆ, ಒರಟು ನೆಲದಲ್ಲಿ ಟೈರು ಕಚ್ಚಿಕೊಂಡರೆ ಅದು ತನ್ನ ನಿಜವಾದ ಜಾಗಕ್ಕೆ ಬರುವುದೇ ಇಲ್ಲ. ಇಳಿಸಿದ ಮೇಲೆ ರೆಕ್ಕೆಯನ್ನು ಹಿಡಿದು ನಾಲ್ಕೈದು ಸಲ ಮೆಲ್ಲಗೆ ಅಲುಗಿಸಿದರೆ ತಗಡು ಜಾರಿ ಕಾಲು ನೆಲೆ ನಿಲ್ಲುತ್ತದೆ. ಆಗ ಎರಡೂ ಚಕ್ರಗಳ ಮುಂದೆ, ಆಕ್ಸಲ್ ಎತ್ತರಕ್ಕೆ, ಒಂದು ನೇರಪಟ್ಟಿಯನ್ನು ಅಡ್ಡಲಾಗಿ ಹಿಡಿದು, ಬಡಗಿಯ ಮೂಲೆಮಟ್ಟವನ್ನು ಅದಕ್ಕೆ ಒತ್ತಿ, ಚಕ್ರದ ಅಂಚಿನ ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ಅಂತರದ ವ್ಯತ್ಯಾಸವನ್ನು ಅಳೆಯಬೇಕು. ಚಕ್ರದ ಲಂಬ ಓರೆಯನ್ನು ಕೋನಮಾಪಕದಿಂದ ನೋಡಬೇಕು. ಮಿತಿ ಮೀರಿದ್ದರೆ ಷಿಮ್ ಬದಲಿಸಿ ಮತ್ತೆ ಮೊದಲಿನಿಂದ. ಹೊಸ ಕಾಲು ಹಳೆಯದರ ಷಿಮ್‌ಗೆ ಹೊಂದುತ್ತದೆ ಎಂಬ ಭರವಸೆಯಿಲ್ಲ. ಈ ಕೆಲಸ ಬಿಟ್ಟರೆ ಟೈರಿನ ಒಂದು ಬದಿ ಮಾತ್ರ ಸವೆಯುತ್ತಾ, ಓಡುವಾಗ ವಿಮಾನ ಒಂದು ಕಡೆಗೆ ಎಳೆಯುತ್ತದೆ.

ಟೈರಿಗೆ ಕೈಪಿಡಿಯ ಒತ್ತಡದಷ್ಟು ಗಾಳಿ ತುಂಬಿ, ನಿಧಾನ ವೇಗದಲ್ಲಿ ಓಡಿಸಿ ಬ್ರೇಕ್ ಎರಡೂ ಬದಿ ಸಮನಾಗಿ ಹಿಡಿಯುತ್ತದೆಯೇ ಎಂದು ನೋಡಿ, ಎಣ್ಣೆ ಸೋರಿಕೆಯನ್ನು ಪರೀಕ್ಷಿಸಿದ ಮೇಲೆ ಲಾಗ್‌ಬುಕ್‌ನಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ, ಕಾಂತಕಣ ಪರೀಕ್ಷೆಯ ವರದಿ ಸಂಖ್ಯೆ, ಬಣ್ಣ ತೆಗೆದ ವಿಧಾನ, ಕುಳಿಗಳ ಅಳತೆ ಎಲ್ಲವನ್ನೂ ಬರೆಯಬೇಕು. ಹತ್ತು ಗಂಟೆ ಹಾರಿದ ಮೇಲೆ ನಾನು ಬೋಲ್ಟುಗಳ ಟಾರ್ಕನ್ನು ಮತ್ತೊಮ್ಮೆ ನೋಡುತ್ತೇನೆ. ಆಮೇಲೆ ವಾರಕ್ಕೊಮ್ಮೆ ಸಣ್ಣ ಕನ್ನಡಿಯನ್ನು ಕೆಳಗೆ ಹಿಡಿದು ಕೆಳಮೈ ನೋಡಿ, ಕಲ್ಲು ಬಡಿದು ಬಣ್ಣ ಎದ್ದಲ್ಲಿ ಅದೇ ದಿನ ಪ್ರೈಮರ್ ಮುಟ್ಟಿಸಿದರೆ ಕಾಲು ವರ್ಷಗಳ ಕಾಲ ಬಾಳುತ್ತದೆ.

ತಿರಸ್ಕೃತ ಕಾಲು

ಮಿತಿ ಮೀರಿದ ಕಾಲನ್ನು ಗುಜರಿಗೆ ಹಾಗೆಯೇ ಕೊಡಬಾರದು. ಚೆನ್ನಾಗಿ ಉಜ್ಜಿ ಬಣ್ಣ ಹೊಡೆದರೆ ಅದು ಹೊಸದರಂತೆಯೇ ಕಾಣುತ್ತದೆ, ಕೈ ಬದಲಾಗುತ್ತಾ ಯಾವುದೋ ಊರಿನ ಯಾವುದೋ ವಿಮಾನದ ಹೊಟ್ಟೆಯ ಕೆಳಗೆ ಬಂದು ಸೇರಬಹುದು. ನಮ್ಮಲ್ಲಿ ಅದನ್ನು ನಡುಮಧ್ಯದಲ್ಲಿ ಕತ್ತರಿಸುತ್ತೇವೆ. ಉಕ್ಕು ಗಟ್ಟಿಯಾದ್ದರಿಂದ ಹ್ಯಾಕ್‌ಸಾ ಬ್ಲೇಡು ಸೋಲುತ್ತದೆ, ಕತ್ತರಿಸುವ ಚಕ್ರವೇ ಬೇಕು, ಇಲ್ಲಿ ಉಕ್ಕು ನೀಲಿಗಟ್ಟಿದರೂ ಚಿಂತೆಯಿಲ್ಲ. ಎರಡೂ ತುಂಡುಗಳ ಫೋಟೊ ತೆಗೆದು, ಕ್ರಮಸಂಖ್ಯೆಯ ಪಕ್ಕದಲ್ಲಿ ನಾಶಪಡಿಸಲಾಗಿದೆ ಎಂದು ದಾಖಲೆಯಲ್ಲಿ ಬರೆದು ಸಹಿ ಹಾಕಿದ ನಂತರವೇ ತುಂಡುಗಳು ಹ್ಯಾಂಗರಿನ ಬಾಗಿಲು ದಾಟಬೇಕು.